ಪ್ರಾಣಿಗಳ ಚಿತ್ರಪುಸ್ತಕ ಗೋಡೆಯ ಚಾರ್ಟ್ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ನವೆಂಬರ್ 14 ಹತ್ತಿರ ಬಂತೆಂದರೆ ನಮ್ಮ ಕಡೆಯ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ದಾನಿಗಳು ಬರುತ್ತಾರೆ. ನೋಟ್‌ಬುಕ್ಕು, ಸ್ಲೇಟು, ಬಳಪದ ಜೊತೆಗೆ ಈಚೆಗೆ ಪ್ರಾಣಿಗಳ ಚಿತ್ರಪುಸ್ತಕಗಳನ್ನೂ ತರುತ್ತಿದ್ದಾರೆ. ಸಂತೋಷ. ಆದರೆ ಬಂದ ಪುಸ್ತಕ ಒಂದೋ ಬೀರು ಸೇರುತ್ತದೆ, ಇಲ್ಲವೇ ಚಾರ್ಟ್ ಆಗಿಬಿಡುತ್ತದೆ. ಟೀಚರ್ ಒಂದೊಂದೇ ಪುಟ ಎತ್ತಿ ಹಿಡಿದು "ಇದೇನು?" ಅನ್ನುತ್ತಾರೆ, ಮಕ್ಕಳು "ಹುಲಿ" ಎಂದು ಕೂಗುತ್ತಾರೆ, ಹತ್ತು ನಿಮಿಷದಲ್ಲಿ ಪುಸ್ತಕ ಮುಗಿಯುತ್ತದೆ. ಹುಲಿ ಯಾವುದೆಂದು ಮಗುವಿಗೆ ಮೊದಲೇ ಗೊತ್ತಿತ್ತು. ಹೊಸದಾಗಿ ಏನೂ ಕಲಿಯಲಿಲ್ಲ. ಅದೇ ಪುಸ್ತಕವನ್ನು ಒಂದು ವಾರ ಪೂರ್ತಿ, ದಿನಕ್ಕೆ ಹತ್ತು ಹದಿನೈದು ನಿಮಿಷ ಓದಿದರೆ ಮಗುವಿನ ಕಿವಿ, ಕಣ್ಣು, ನಾಲಿಗೆ ಮೂರೂ ಅಕ್ಷರಕ್ಕೆ ಹದವಾಗುತ್ತವೆ. ಅದು ಹೇಗೆ, ಎಲ್ಲೆಲ್ಲಿ ಎಡವುತ್ತದೆ ಎಂದು ತಿಳಿಸಲು ಈ ಪತ್ರ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಪ್ರಾಣಿಗಳ ಪುಸ್ತಕ ಎಂದರೆ ವರ್ಣಮಾಲೆಗೆ ಪ್ರಾಣಿ ಜೋಡಿಸುವುದಲ್ಲ. ಅ ಅಳಿಲು, ಆ ಆನೆ, ಇ ಇಲಿ ಎಂದು ಸಲೀಸಾಗಿ ಶುರುವಾಗುತ್ತದೆ. "ಈ" ಬಂದ ಕೂಡಲೇ ಗಾಡಿ ನಿಲ್ಲುತ್ತದೆ. ಉ ಉಡ, ಊ ಊಸರವಳ್ಳಿ, ಎ ಎಮ್ಮೆ, ಏ ಏಡಿ ಎಂದು ಮತ್ತೆ ಸಾಗಿ, ಐ ಮತ್ತು ಔ ಹತ್ತಿರ ಪುನಃ ಸಿಕ್ಕಿಕೊಳ್ಳುತ್ತದೆ. ಣ, ಳ ಅಕ್ಷರಗಳಿಂದ ಶುರುವಾಗುವ ಕನ್ನಡ ಪದ ಮಕ್ಕಳ ಬಾಯಲ್ಲಿ ಒಂದೂ ಇಲ್ಲ. 49 ಅಕ್ಷರಕ್ಕೂ ಪ್ರಾಣಿ ಹುಡುಕಲು ಹೊರಟವರು ಕೊನೆಗೆ ಘೇಂಡಾಮೃಗ, ಝೀಬ್ರಾ ಎಂದು ಮಗು ಜನ್ಮದಲ್ಲಿ ಹೇಳದ ಪದಗಳನ್ನು ತುರುಕುತ್ತಾರೆ. ಓದು ಎಂದರೆ ಅಕ್ಷರ ಕೂಡಿಸಿ ಬಂದ ಶಬ್ದವನ್ನು ತಲೆಯಲ್ಲಿ ಮೊದಲೇ ಇರುವ ಪದದ ಜೊತೆ ತಾಳೆ ನೋಡುವುದು. ತಲೆಯಲ್ಲಿ ಪದವೇ ಇಲ್ಲದಿದ್ದರೆ ತಾಳೆ ನೋಡುವುದು ಯಾವುದರ ಜೊತೆ?

ಹಾಗಾಗಿ ಮೊದಲ ಪುಸ್ತಕದಲ್ಲಿ ಹಟ್ಟಿ, ಕೆರೆ, ಹೊಲದ ಪ್ರಾಣಿಗಳೇ ಇರಲಿ. ಪುಟಕ್ಕೆ ಒಂದೇ ಚಿತ್ರ, ಒಂದೆರಡು ಚಿಕ್ಕ ವಾಕ್ಯ, ಪುಟದಿಂದ ಪುಟಕ್ಕೆ ಬದಲಾಗುವುದು ಒಂದೇ ಪದ. ಒಟ್ಟು 12ರಿಂದ 16 ಪುಟ. ಚಿತ್ರ ನಿಜದ ಪ್ರಾಣಿಯಂತಿರಬೇಕು. ಪಾವಗಡ, ಮಧುಗಿರಿ ಕಡೆಯ ಮಕ್ಕಳು ಕೇಳಿಬಲ್ಲ ಕರಡಿ ಕಪ್ಪು ಮೈಯದು, ಎದೆ ಮೇಲೆ ಬಿಳಿ ಪಟ್ಟೆ ಇರುವಂಥದು. ಪುಸ್ತಕದಲ್ಲಿ ಕಂದು ಬಣ್ಣದ ಗೊಂಬೆಗೆ ಚಡ್ಡಿ ತೊಡಿಸಿ ಕರಡಿ ಎಂದರೆ ಮಗು "ಗೊಂಬೆ" ಎಂದೇ ಓದುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಇಲಿ ಮತ್ತು ಆನೆಯನ್ನು ಒಂದೇ ಗಾತ್ರದಲ್ಲಿ ಬರೆದ ಪುಸ್ತಕಗಳೂ ಬರುತ್ತವೆ. ಇನ್ನೊಂದು, ಸಾಲುಗಳ ನಡುವೆ ಧಾರಾಳವಾಗಿ ಜಾಗ ಇದೆಯೇ ನೋಡಿ. ಕನ್ನಡದ ಒತ್ತು ಕೆಳಕ್ಕೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಸಾಲು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ.

ಒಳ್ಳೆಯ ಪುಸ್ತಕ ಸಿಗದಿದ್ದರೆ ಮಾಡಿಕೊಳ್ಳುವುದು ಕಷ್ಟವಲ್ಲ. ನಾಲ್ಕು ಬಿಳಿ ಚಾರ್ಟ್ ಹಾಳೆಗಳನ್ನು (22 ಇಂಚು, 28 ಇಂಚು) ಒಂದರೊಳಗೊಂದು ಇಟ್ಟು ಅರ್ಧಕ್ಕೆ ಮಡಿಸಿದರೆ 14 ಇಂಚು ಅಗಲ, 22 ಇಂಚು ಎತ್ತರದ 16 ಪುಟ ಆಗುತ್ತದೆ. ಮಡಿಕೆಯ ಮೇಲೆ ಮೂರು ತೂತು ಮಾಡಿ ದಬ್ಬಳದಿಂದ ಗೋಣಿ ದಾರ ಹೊಲಿಯಿರಿ, ಗಂಟು ಹೊರಗಡೆ ಬರಲಿ. ಸ್ಟೇಪ್ಲರ್ ನೆಚ್ಚಬೇಡಿ: ಅದರ ಬಾಯಿ ಮಡಿಕೆಯವರೆಗೆ ಹೋಗುವುದಿಲ್ಲ, ಅಂಚಿಗೆ ಹೊಡೆದರೆ ಪುಸ್ತಕ ಪೂರ್ತಿ ತೆರೆಯುವುದಿಲ್ಲ, ಪಿನ್ನು ಬಿಚ್ಚಿ ಮಕ್ಕಳ ಬೆರಳಿಗೆ ಚುಚ್ಚುತ್ತದೆ. ಮಾರ್ಕರ್ ಶಾಯಿ ಚಾರ್ಟ್ ಹಾಳೆಯ ಹಿಂದಕ್ಕೆ ಇಳಿಯುವುದರಿಂದ ಬಲಗಡೆ ಪುಟಗಳಲ್ಲಿ ಮಾತ್ರ ಬರೆಯಬೇಕು. ಆಗ ರಕ್ಷಾಪುಟ ಮತ್ತು ಏಳು ಪ್ರಾಣಿಗೆ ಲೆಕ್ಕ ಸರಿಹೋಗುತ್ತದೆ. ಅಕ್ಷರ ನಾಲ್ಕು ಸೆಂಟಿಮೀಟರ್ ಎತ್ತರ ಇದ್ದರೆ ಹಿಂದಿನ ಸಾಲಿನ ಮಗುವಿಗೂ ಕಾಣುತ್ತದೆ. ಪಠ್ಯ ಹೀಗಿರಬಹುದು:

ಕೆರೆಗೆ ಯಾರು ಬಂದರು? ದನ ಬಂತು.
ಕೆರೆಗೆ ಯಾರು ಬಂದರು? ಕುರಿ ಬಂತು.

ಹೀಗೆಯೇ ಎಮ್ಮೆ, ನಾಯಿ, ನವಿಲು, ನರಿ ಬರಲಿ. ಕೊನೆಯ ಪುಟದಲ್ಲಿ "ಚಿರತೆ ಬಂತು! ಎಲ್ಲಾ ಓಡಿದವು." ಆ ಕೊನೆಯ ಪುಟಕ್ಕಾಗಿಯೇ ಮಕ್ಕಳು ಇಡೀ ಪುಸ್ತಕವನ್ನು ಮತ್ತೆ ಮತ್ತೆ ಕೇಳುತ್ತಾರೆ, ಆ ಪುಟ ಇಲ್ಲದಿದ್ದರೆ ಮೂರನೇ ದಿನಕ್ಕೇ ಬೇಜಾರು.

ಮೊದಲ ದಿನ ಓದುವುದಷ್ಟೇ ಕೆಲಸ. ಎಂಟು ಹತ್ತು ಮಕ್ಕಳನ್ನು ಅರ್ಧ ಚಂದ್ರಾಕಾರವಾಗಿ ಕೂರಿಸಿ, ರಕ್ಷಾಪುಟ ತೋರಿಸಿ, ಒಳಗೆ ಯಾರ್ಯಾರು ಇರಬಹುದು ಎಂದು ಊಹಿಸಲು ಬಿಡಿ. ಆಮೇಲೆ ಪ್ರತಿ ಪದದ ಕೆಳಗೆ ಬೆರಳು ಅಥವಾ ಕಡ್ಡಿ ಓಡಿಸುತ್ತಾ ಮೊದಲಿಂದ ಕೊನೆವರೆಗೆ ಓದಿ. ಪುಸ್ತಕ ಯಾವ ಕಡೆಯಿಂದ ತೆರೆಯುತ್ತದೆ, ಓದುವುದು ಎಡದಿಂದ ಬಲಕ್ಕೆ, ಚಿತ್ರವನ್ನಲ್ಲ ಅಕ್ಷರವನ್ನು ಓದುತ್ತಾರೆ, ಇವೆಲ್ಲ ನಮಗೆ ಹೇಳುವಂಥ ವಿಷಯವೇ ಅನ್ನಿಸುವುದಿಲ್ಲ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಇವೇ ಮೊದಲ ಪಾಠ. ಬೆರಳು ಅಕ್ಷರದ ಕೆಳಗೆ ಇರಬೇಕು, ಮೇಲೆ ಅಲ್ಲ. ಮೇಲೆ ಇಟ್ಟರೆ ಅಂಗೈ ಚಿತ್ರವನ್ನೂ ಮುಚ್ಚುತ್ತದೆ, ಗುಡಿಸನ್ನೂ ಮುಚ್ಚುತ್ತದೆ.

ಎರಡನೇ ದಿನ "ಕೆರೆಗೆ ಯಾರು ಬಂದರು?" ಎಂಬ ಸಾಲನ್ನು ಮಕ್ಕಳೇ ಹೇಳುತ್ತಾರೆ, ಹೇಳಿಕೊಡಬೇಕಿಲ್ಲ. ಒಂದು ರಟ್ಟಿನಲ್ಲಿ ರೂಪಾಯಿಯಗಲದ ಕಿಂಡಿ ಕತ್ತರಿಸಿ ಚಿತ್ರದ ಮೇಲಿಡಿ. ಕಿಂಡಿಯಲ್ಲಿ ಬಾಲದ ತುದಿ ಮಾತ್ರ ಕಂಡರೆ ಯಾರ ಬಾಲ? ಕುರಿಯದೋ, ನಾಯಿಯದೋ? ಯಾಕೆ ಹಾಗೆ ಅನ್ನಿಸಿತು? ಇಲ್ಲಿ "ಯಾಕೆ" ಮುಖ್ಯ. "ಇದೇನು?" ಎಂದರೆ ಒಂದು ಪದ ಬರುತ್ತದೆ, "ಯಾಕೆ?", "ಇದು ಏನು ಮಾಡ್ತಿದೆ?", "ನಿಮ್ಮನೆ ಎಮ್ಮೆ ಕೆರೆಗೆ ಹೋದ್ರೆ ಏನು ಮಾಡುತ್ತೆ?" ಎಂದರೆ ಪೂರ್ತಿ ವಾಕ್ಯ ಬರುತ್ತದೆ. ಮಗು "ಮಲ್ಗತ್ತೆ" ಎಂದರೆ ಅಲ್ಲಿಗೆ ಬಿಡದೆ "ಹೌದು, ಎಮ್ಮೆ ನೀರಲ್ಲಿ ಮಲಗುತ್ತೆ" ಎಂದು ಒಂದೆರಡು ಪದ ಸೇರಿಸಿ ತಿರುಗಿ ಹೇಳಿ. ಇಷ್ಟೇ ಸಾಕು. ತಿದ್ದಿದ ಹಾಗೂ ಇರುವುದಿಲ್ಲ, ಕಲಿಸಿದ ಹಾಗೂ ಆಗುತ್ತದೆ.

ಮೂರನೇ ದಿನದ್ದು ಕಿವಿಯ ಕೆಲಸ. ಪುಸ್ತಕ ಮುಚ್ಚಿಟ್ಟು ಪ್ರಾಣಿಗಳ ಹೆಸರಿಗೆ ಚಪ್ಪಾಳೆ ತಟ್ಟಿಸಿ, ತಟ್ಟಿದಷ್ಟು ಹುಣಸೆ ಬೀಜ ಮುಂದಿಡಿಸಿ: ಕು-ರಿ ಎರಡು, ನಾ-ಯಿ ಎರಡು. ಕನ್ನಡದಲ್ಲಿ ಒಂದು ಚಪ್ಪಾಳೆಗೆ ಸಾಮಾನ್ಯವಾಗಿ ಒಂದು ಅಕ್ಷರ ಬರುವುದರಿಂದ ಈ ಆಟ ನೇರವಾಗಿ ಬರವಣಿಗೆಗೆ ಕೊಂಡೊಯ್ಯುತ್ತದೆ. ಆದರೆ ಹಳ್ಳವೂ ಇಲ್ಲೇ ಇದೆ. ನಮ್ಮ ಆಡುಮಾತಿನಲ್ಲಿ ನವಿಲು "ನವ್ಲು", ಚಿರತೆ "ಚಿರ್ತೆ", ಕುದುರೆ "ಕುದ್ರೆ", ಕರಡಿ "ಕರ್ಡಿ". ನಡುವಿನ ಸ್ವರ ಬಿದ್ದುಹೋಗಿ ಚಪ್ಪಾಳೆ ಎರಡೇ ಬರುತ್ತವೆ. ಪುಟದಲ್ಲಿ ಅಕ್ಷರ ಮೂರು. ಮಗು ಮುಂದೆ "ಕುದ್ರೆ" ಎಂದು ಬರೆಯುವುದು ದಡ್ಡತನದಿಂದಲ್ಲ, ಕಿವಿ ಸರಿಯಾಗಿರುವುದರಿಂದ. ಅದಕ್ಕೆ ಮೊದಲ ಸುತ್ತಿನಲ್ಲಿ ಎರಡಕ್ಷರದ ಹೆಸರುಗಳನ್ನೇ ತೆಗೆದುಕೊಂಡು, ಮೂರಕ್ಷರದವನ್ನು ಪುಟ ತೆರೆದು, ಬೆರಳಿಟ್ಟು, ನಿಧಾನವಾಗಿ ನ-ವಿ-ಲು ಎಂದು ಎಳೆದು ತಟ್ಟಿಸಬೇಕು. "ಮಾತಾಡುವಾಗ ನವ್ಲು, ಓದುವಾಗ ನವಿಲು" ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಮೊದಲ ಶಬ್ದ ಹುಡುಕುವ ಆಟದಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೂ ಪಾವಗಡಕ್ಕೂ ವಿಶೇಷವಾದ ತೊಡಕೊಂದಿದೆ. ಪ್ರಾಣಿಗಳ ಪುಸ್ತಕದಲ್ಲಿ ಹ ಅಕ್ಷರಕ್ಕೆ ಬರವಿಲ್ಲ: ಹಸು, ಹುಲಿ, ಹಾವು, ಹಂದಿ, ಹಲ್ಲಿ, ಹದ್ದು. ಹಳ್ಳಿಯ ಕನ್ನಡ ಮಾತಾಡುವ ಮಗು ಇವನ್ನು ಅಸ, ಉಲಿ, ಆವು, ಅಂದಿ ಎನ್ನುತ್ತದೆ. ಮನೆಯಲ್ಲಿ ತೆಲುಗು ಆಡುವ ಮಗು ಪುಲಿ, ಪಾಮು, ಪಂದಿ ಎನ್ನುತ್ತದೆ. ಹಾಗಾಗಿ ಹುಲಿ ಪುಟ ತೆರೆದು "ಮೊದಲ ಶಬ್ದ ಯಾವುದು?" ಎಂದರೆ ಹ, ಉ, ಪ ಮೂರೂ ಬರುತ್ತವೆ, ಮೂರೂ ಪ್ರಾಮಾಣಿಕ ಉತ್ತರಗಳೇ. ಇನ್ನೂ ಸೋಜಿಗ "ಆವು". ಒಂದು ಮಗುವಿಗೆ ಅದು ಹಾವು, ಪಕ್ಕದಲ್ಲಿ ಕೂತ ತೆಲುಗು ಮಗುವಿಗೆ ಹಸು. ಒಬ್ಬ ಹೆದರುತ್ತಾನೆ, ಇನ್ನೊಬ್ಬ ಹಾಲು ಕರೆಯುತ್ತಾನೆ. ಗದರಿಸಿದರೆ ಆ ಮಗು ಮಾರನೇ ದಿನದಿಂದ ಬಾಯಿ ಬಿಡುವುದಿಲ್ಲ. ಮಾಡಬೇಕಾದ್ದು ಇಷ್ಟು: ಮನೆಯ ಹೆಸರನ್ನು ಮೊದಲು ಹೇಳಲು ಬಿಡಿ, ನಂತರ "ಪುಸ್ತಕದಲ್ಲಿ ಏನಂತ ಬರೆದಿದ್ದಾರೆ ನೋಡೋಣ" ಎಂದು ಹ ಮೇಲೆ ಬೆರಳಿಟ್ಟು ಉಸಿರು ಬಿಟ್ಟು ಓದಿ. ಬಾಯಿ ಮುಂದೆ ಅಂಗೈ ಹಿಡಿದರೆ ಹ ಎಂದಾಗ ಬಿಸಿಯುಸಿರು ತಗಲುತ್ತದೆ, ಉ ಎಂದಾಗ ಅಷ್ಟು ತಗಲುವುದಿಲ್ಲ. ಪುಲಿ-ಹುಲಿ, ಪಂದಿ-ಹಂದಿ ಜೋಡಿಗಳನ್ನು ಎರಡು ಮೂರು ಸಲ ಕೇಳಿದ ಮೇಲೆ "ನಮ್ಮ ಪ ಇಲ್ಲಿ ಹ ಆಗುತ್ತೆ" ಎಂದು ಮಕ್ಕಳು ತಾವೇ ಕಂಡುಕೊಳ್ಳುವುದುಂಟು. ಆಗ ತೆಲುಗು ಅಡ್ಡಿಯಲ್ಲ, ಏಣಿ. ಉರ್ದು ಆಡುವ ಮನೆಗಳ ಮಕ್ಕಳಿಗೆ ಹೀಗೆ ಜೋಡಿ ಸಿಗುವುದಿಲ್ಲ. ಅವರಿಗೆ ಪದವನ್ನೇ ಮೊದಲು ಕಲಿಸಬೇಕು, ಚಿತ್ರ ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ನಾಲ್ಕನೇ ದಿನ ಅಕ್ಷರಕ್ಕೆ ಬನ್ನಿ, ಆದರೆ ಎರಡು ಮೂರಕ್ಕೆ ಮೀರಬೇಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆ ಬಂದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ; ರ ಗ ಸ ದ ಅ, ಆಮೇಲೆ ಜ ವ ಮ ಬ ನ ಎಂದು ಸಾಗುತ್ತದೆ. ಈ ಹತ್ತು ಅಕ್ಷರ ಆದ ಮಗು ಯಾವ ಗುಣಿತವೂ ಇಲ್ಲದ "ದನ" ಮತ್ತು "ಬಸವ" ಎರಡನ್ನೂ ತಾನೇ ಓದಬಲ್ಲದು. ಕೋಲೆಬಸವ ನೋಡಿದ ಮಗುವಿಗೆ ಬಸವನನ್ನು ಪರಿಚಯ ಮಾಡಿಸಬೇಕಾಗಿಯೂ ಇಲ್ಲ. ಮುಂದಿನ ಮೆಟ್ಟಿಲು ಒಂದೇ ಗುಣಿತ ಚಿಹ್ನೆ ಇರುವ ನರಿ, ಹಸು, ಕರು, ಮೊಲ. ಅದಾದ ಮೇಲೆ ಎರಡೂ ಅಕ್ಷರಕ್ಕೆ ಚಿಹ್ನೆ ಇರುವ ಕುರಿ, ಗಿಳಿ, ಕಾಗೆ, ಮೇಕೆ. ಚಿಹ್ನೆಯ ಮೇಲೆ ಕಣ್ಣು ನಿಲ್ಲದ ಮಗು ಕರುವನ್ನು ಕಾರು ಎಂದೂ ನರಿಯನ್ನು ನಾರಿ ಎಂದೂ ಓದುತ್ತದೆ, ಆಗ ಚಿತ್ರ ತೋರಿಸಿ "ಇಲ್ಲಿ ಕಾರು ಇದೆಯಾ?" ಎಂದರೆ ನಕ್ಕು ತಾನೇ ತಿದ್ದಿಕೊಳ್ಳುತ್ತದೆ.

ಕನ್ನಡದ ಕೀಟಲೆ ಎಂದರೆ, ಮನೆಗೆ ತೀರ ಹತ್ತಿರದ ಪ್ರಾಣಿಗಳಿಗೇ ಒತ್ತಕ್ಷರ: ಬೆಕ್ಕು, ಎಮ್ಮೆ, ಎತ್ತು, ಕತ್ತೆ, ಕಪ್ಪೆ, ಹಲ್ಲಿ. ಎಡದಿಂದ ಬಲಕ್ಕೆ ಓಡುವುದನ್ನು ಈಗ ತಾನೇ ಕಲಿತ ಕಣ್ಣು ಕೆಳಗೆ ಇಳಿಯುವುದಿಲ್ಲ, ಬೆಕ್ಕು "ಬೆಕು" ಆಗುತ್ತದೆ, ಎತ್ತು "ಎತು" ಆಗುತ್ತದೆ. ಈ ಪದಗಳನ್ನು ಪುಸ್ತಕದಿಂದ ತೆಗೆಯುವುದು ಬೇಡ. ಮೊದಲ ತಿಂಗಳುಗಳಲ್ಲಿ ಇಡೀ ಪದವನ್ನು ಚಿತ್ರದಂತೆ ಗುರುತಿಸಿದರೆ ಸಾಕು, ಬಿಡಿಸಿ ಓದು ಎಂದು ಒತ್ತಾಯಿಸಬಾರದು. ಒತ್ತು ಕಲಿಸುವ ಕಾಲ ಬಂದಾಗ ಇದೇ ಪುಸ್ತಕ ಮತ್ತೆ ತೆಗೆದು, ಒತ್ತನ್ನು ಕೆಂಪು ಬಣ್ಣದಲ್ಲಿ ಬರೆದ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಪಕ್ಕಕ್ಕಿಡಿ.

ಅಕ್ಷರ ಬರೆಸಲು ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ಬರೆಸುವುದು ಹಳೆಯ ಉಪಾಯ, ಈಗಲೂ ಅದಕ್ಕೆ ಸಾಟಿ ಇಲ್ಲ. ರಾಗಿ ಅರ್ಧ ಬೆರಳು ದಪ್ಪಕ್ಕಿಂತ ಹೆಚ್ಚಿದ್ದರೆ ಗೆರೆ ಮುಚ್ಚಿಹೋಗುತ್ತದೆ, ತೀರ ತೆಳುವಾದರೆ ತಟ್ಟೆ ಕಾಣಿಸಿ ಆಕಾರ ಕೆಡುತ್ತದೆ.

ಐದನೇ ದಿನ ಪುಸ್ತಕ ಮಕ್ಕಳ ಕೈಗೆ. ನಲಿ-ಕಲಿಯಲ್ಲಿ ಮಕ್ಕಳ ಗುಂಪಿಗೆ ತಟ್ಟೆ ಎನ್ನುತ್ತಾರೆ; ಅಂಥ ಐದು ತಟ್ಟೆಗಳಲ್ಲಿ ಶಿಕ್ಷಕರ ಸಹಾಯ ಬೇಡದ ತಟ್ಟೆಯ ಮಕ್ಕಳಿಗೆ ಕೊಟ್ಟರೆ ಚಿಕ್ಕವರಿಗೆ ಅವರೇ ಓದಿ ಹೇಳುತ್ತಾರೆ. ಓದು ಬಾರದ ಮಗು ಪುಟ ತಿರುವುತ್ತಾ ಬಾಯಿಪಾಠ ಒಪ್ಪಿಸುತ್ತದೆ. ಅದನ್ನು ಕಂಡು "ಓದಿಬಿಟ್ಟ!" ಎಂದು ಮೇಲಧಿಕಾರಿಗೆ ತೋರಿಸುವುದೂ ತಪ್ಪು, "ಬರೀ ಬಾಯಿಪಾಠ" ಎಂದು ಬಯ್ಯುವುದೂ ತಪ್ಪು. ಬಾಯಿಪಾಠ ಒಂದು ಮೆಟ್ಟಿಲು. ದಾಟಿದೆಯೋ ಇಲ್ಲವೋ ತಿಳಿಯಲು ಚಿತ್ರ ಮುಚ್ಚಿ, ಪುಟಗಳನ್ನು ಹಿಂದುಮುಂದಾಗಿ ತೆರೆದು "ಕುರಿ ಎಲ್ಲಿ ಬರೆದಿದೆ?" ಎಂದು ಕೇಳಿ. ಬೆರಳು ಹೇಗೆ ಓಡುತ್ತದೆ ನೋಡಿ. "ಕೆರೆಗೆ" ಎಂದು ಒಂದು ಪದ ಹೇಳುವಾಗ ಬೆರಳು ಮೂರು ಪದ ದಾಟಿದರೆ, ಅಕ್ಷರ ಯಾವುದು, ಪದ ಯಾವುದು ಎಂಬುದು ಮಗುವಿಗೆ ಇನ್ನೂ ಸ್ಪಷ್ಟವಿಲ್ಲ. ವಾಕ್ಯವನ್ನು ಪಟ್ಟಿಯಾಗಿ ಬರೆದು, ಪದಪದವಾಗಿ ಕತ್ತರಿಸಿ, ಮತ್ತೆ ಜೋಡಿಸಲು ಕೊಟ್ಟರೆ ಪದಗಳ ನಡುವಿನ ಖಾಲಿ ಜಾಗ ಯಾಕೆಂದು ತಿಳಿಯುತ್ತದೆ. ಕೊನೆಗೆ ಒಂದು ಹಾಳೆ ಕೊಟ್ಟು "ನಿಮ್ಮ ಕೆರೆಗೆ ಯಾರು ಬಂದರು?" ಎಂದು ಚಿತ್ರ ಬರೆಸಿ, ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಕೆಳಗೆ ಬರೆದುಕೊಡಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇನ್ನೊಂದು ಮಾತು. ರೇಷ್ಮೆ ಹುಳುವಿಗಿಂತ ಒಳ್ಳೆಯ ಪಾತ್ರ ಯಾವ ಅಂಗಡಿಯ ಪುಸ್ತಕದಲ್ಲೂ ಇಲ್ಲ. ಮೊಟ್ಟೆ, ಹುಳು, ಗೂಡು, ಚಿಟ್ಟೆ ನಾಲ್ಕು ಚಿತ್ರಗಳನ್ನು ಕಲಸಿ ಕೊಟ್ಟು ಕ್ರಮವಾಗಿ ಜೋಡಿಸಿ ಹೇಳಲು ಬಿಡಿ. ಹುಳು ಸಾಕುವ ಮನೆಯ ಮಗು ಜ್ವರಕ್ಕೆ ಕೂರುವುದು (ಹುಳು ಪೊರೆ ಬಿಡುವುದು), ಸೊಪ್ಪು ಹಾಕುವುದು, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟಿಗೆ ಬಿಡುವುದು ಎಲ್ಲವನ್ನೂ ಸೇರಿಸಿ ಹೇಳುತ್ತದೆ. "ಮೊದಲು, ಆಮೇಲೆ, ಕೊನೆಗೆ" ಎಂದು ಕಥೆ ಕಟ್ಟುವ ಅಭ್ಯಾಸಕ್ಕೆ ಅದು ಬೇಕಾದಷ್ಟಾಯಿತು. "ರೇಷ್ಮೆ" ಪದವನ್ನು ಟೀಚರೇ ಓದಲಿ, ಷ ಕೆಳಗೆ ಮ ಒತ್ತು ಒಂದನೇ ತರಗತಿಯ ಕೆಲಸವಲ್ಲ.

ಪುಸ್ತಕ ಬೀರುವಿನಿಂದ ಹೊರಗೆ ಬರದಿರಲು ಕಾರಣ ಸೋಮಾರಿತನ ಎನ್ನುವವರಿದ್ದಾರೆ. ಒಪ್ಪುವುದಿಲ್ಲ. ಹರಿದರೆ ಲೆಕ್ಕ ಕೊಡಬೇಕು ಎಂಬ ಭಯವೇ ಹೆಚ್ಚು. ಐದು ವರ್ಷದ ಮಗು ಓದಿದ ಪುಸ್ತಕ ಹರಿಯುತ್ತದೆ. ಹರಿಯದ ಪುಸ್ತಕ ಯಾರೂ ಓದದ ಪುಸ್ತಕ. ತಪಾಸಣೆಗೆ ಬರುವವರು ಈ ಕಣ್ಣಿನಿಂದ ಸ್ಟಾಕ್ ರಿಜಿಸ್ಟರ್ ನೋಡಬೇಕು. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಬೇಸಿಗೆಯಲ್ಲಿ ಅಂಟು ಕರಗಿ ಹಳದಿಯಾಗಿ ಪಕ್ಕದ ಪುಟವನ್ನೂ ಹಿಡಿಯುತ್ತದೆ. ತೆಳು ಬಿಳಿ ಕಾಗದದ ಪಟ್ಟಿಗೆ ಮೈದಾ ಅಂಟು ಹಚ್ಚಿ ಕೂರಿಸಿ, ಮೇಲೆ ಭಾರ ಇಟ್ಟು ಒಣಗಿಸಿ. ಕಪಾಟಿನಲ್ಲಿ ಬೆನ್ನು ಕಾಣುವಂತೆ ಜೋಡಿಸಿದ ಪುಸ್ತಕವನ್ನು ಓದು ಬಾರದ ಮಗು ಗುರುತಿಸುವುದು ಸಾಧ್ಯವಿಲ್ಲ. ಎರಡೂವರೆ ಅಡಿ ಎತ್ತರದಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ರಕ್ಷಾಪುಟ ಕಾಣುವಂತೆ ತೂಗುಹಾಕಿ.

ಮನೆಯವರಿಗೆ ಓದು ಬಾರದಿದ್ದರೂ ಪುಸ್ತಕ ಮನೆಗೆ ಹೋಗಲಿ. ಅಜ್ಜಿ ತೆಲುಗಿನಲ್ಲೇ ಚಿತ್ರ ನೋಡಿ ಕಥೆ ಹೇಳಿದರೂ ಪುಟ ತಿರುವುವುದು, ಮುಂದೇನಾಗುತ್ತದೆ ಎಂದು ಕಾಯುವುದು ಮಗುವಿಗೆ ಬರುತ್ತದೆ. ಮೊಬೈಲಿನಲ್ಲಿ ಕುಣಿಯುವ ಪ್ರಾಣಿಗಳ ಹಾಡು ಕಿವಿಗೆ ಒಳ್ಳೆಯದೇ, ಅಲ್ಲಿ ಕಣ್ಣು ಅಕ್ಷರದ ಮೇಲೆ ನಿಲ್ಲುವುದಿಲ್ಲ, "ಯಾಕೆ?" ಎಂದು ಯಾರೂ ಕೇಳುವುದಿಲ್ಲ.

2021ರ ಜುಲೈನಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆ 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಎಂದು ಗುರಿ ಇಟ್ಟಿದೆ. ಗುರಿ ಮೂರನೇ ತರಗತಿಯದ್ದು, ಕೆಲಸ ಅಂಗನವಾಡಿಯಲ್ಲೇ ಶುರುವಾಗಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ನಮ್ಮ ಕೋರಿಕೆ: ಹತ್ತಿರದ ಅಂಗನವಾಡಿಗೆ ತಿಂಗಳಿಗೆ ಎರಡೇ ಪುಸ್ತಕ ಎರವಲು ಕೊಡಿ, ಆದರೆ ವಾರ ಪೂರ್ತಿ ಅಲ್ಲೇ ಇರಲಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಒಂದನೇ ಹಂತದ ಕನ್ನಡ ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಕಪ್ಪು ಬಿಳುಪಿನಲ್ಲಿ ತೆಗೆದು ಮಕ್ಕಳಿಂದಲೇ ಬಣ್ಣ ತುಂಬಿಸಿದರೂ ನಡೆಯುತ್ತದೆ.

ಇನ್ನು ದಾನಿಗಳಿಗೆ. ಹತ್ತು ಬೇರೆ ಬೇರೆ ಪುಸ್ತಕಗಳ ಕಟ್ಟಿನ ಬದಲು ಎರಡು ಪುಸ್ತಕಗಳ ಐದೈದು ಪ್ರತಿ ಕೊಡಿ, ಇಬ್ಬರು ಮಕ್ಕಳಿಗೆ ಒಂದರಂತೆ ಹತ್ತು ಮಕ್ಕಳ ಗುಂಪು ಒಟ್ಟಿಗೆ ಬೆರಳಿಟ್ಟು ಓದಬಹುದು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಪುಸ್ತಕವನ್ನು ಪೂರ್ತಿ ತೆರೆದು ಮೇಜಿನ ಮೇಲಿಡಿ. ತಾನಾಗಿ ಮುಚ್ಚಿಕೊಂಡರೆ ಬೆನ್ನಿಗೆ ಬರೀ ಅಂಟು ಹಾಕಿರುವುದೇ ಹೆಚ್ಚು, ಅಂಥದರ ಪುಟ ಬೇಗ ಉದುರುತ್ತದೆ. ಹೊಲಿಗೆ ಇರುವುದನ್ನು ಕೇಳಿ ಪಡೆಯಿರಿ. ಲ್ಯಾಮಿನೇಷನ್ ಹೊಳಪು ಜಾಸ್ತಿ ಇದ್ದರೆ ಕಿಟಕಿ ಬೆಳಕು ಹೊಡೆದು ಪಕ್ಕದಲ್ಲಿ ಕೂತ ಮಕ್ಕಳಿಗೆ ಅಕ್ಷರ ಕಾಣುವುದಿಲ್ಲ. ಮಂದ ಹೊಳಪಿನ ಹಾಳೆಯೇ ಮೇಲು.

ಇಂತಿ,
ಕೆಲವು ನಲಿ-ಕಲಿ ಶಿಕ್ಷಕಿಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರು,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ